ಕಾವಲಿಗೆ ಐದು ಸೊನ್ನೆ

ಫೆಬ್ರವರಿ 3, ಬೆಳಗ್ಗೆ 7-40

ಸಮುದ್ರದ ತಳದಲ್ಲಿ ಖಂಡದಿಂದ ಖಂಡಕ್ಕೆ ಎಳೆದಿರುವ ಇಂಟರ್ನೆಟ್ ಕೇಬಲ್ ಇದೆಯಲ್ಲ, ಅದಕ್ಕೆ ಕೊನೆಯ ಗಂಟು ಹಾಕಿದವನು ನಾನು. ಮುಳುಗಿ, ಉಸಿರು ಕಟ್ಟಿ, ಹಲ್ಲಿನಲ್ಲಿ ಕಚ್ಚಿ ಬಿಗಿದೆ. ಸರ್ಟಿಫಿಕೇಟ್ ಒದ್ದೆಯಾಗಿ ಹರಿದುಹೋಯಿತು, ಅಷ್ಟೇ. ಅಂಥವನಿಗೆ ನಿನ್ನೆ ನಮ್ಮ ಲಾಂಡ್ರಿಯ ಒಡತಿ ಮೇಡಂ ಹೇಳಿದ್ದೇನು? ‘ಆ ಕಪ್ಪು ಡಬ್ಬದ ಧೂಳು ಒರೆಸಿಡಿ, ನಾಳಿದ್ದು ನೋಡೋಕೆ ಒಬ್ಬರು ಬರ್ತಾರೆ.’

ಹೇಳಬೇಕಾ? ದಿನಾ ಒರೆಸುತ್ತೇನೆ. ಇಪ್ಪತ್ತೊಂದು ವರ್ಷದಿಂದ. ಬಾಯ್ಲರ್ ಪಕ್ಕದ ಕೋಣೆ, ಒಂದು ಫ್ಯಾನು, ಒಂದು ಸ್ಟೂಲು, ಡಬ್ಬ — ಅಂದರೆ ನಮ್ಮ ಸರ್ವರ್ ಕಂಪ್ಯೂಟರ್. ಲಾಂಡ್ರಿಯ ನಾಲ್ಕೂ ಅಂಗಡಿಗಳಲ್ಲಿ ಯಾರು ಯಾವ ಬಟ್ಟೆ ಕೊಟ್ಟರು, ಯಾವುದಕ್ಕೆ ಯಾವ ನಂಬರಿನ ಚೀಟಿ ಹೊಲಿದಿದೆ, ಎಲ್ಲ ಅದರೊಳಗೆ. ನಾಲ್ಕು ಅಂಗಡಿಗೂ ವೈರ್ ಎಳೆದದ್ದು ಈ ಕೈ. ಅದಕ್ಕೇ ಎಲ್ಲರೂ ವೈರ್ ಮಾಮ ಅನ್ನುವುದು. ಡಬ್ಬ ಸುಮ್ಮನಾದರೆ ನಾಲ್ಕು ಅಂಗಡಿಯೂ ಸುಮ್ಮನೆ. ಆಗ ಮೇಡಂ ಓಡಿ ಬರುವುದು ಯಾರ ಹತ್ತಿರ?

ರಿಟೈರ್ ಆಗಲು ಇನ್ನು ಹನ್ನೊಂದು ತಿಂಗಳು. ಆಮೇಲೆ ಅಳಲಿ.

ಫೆಬ್ರವರಿ 4, ಮಧ್ಯಾಹ್ನ

ಬಂದದ್ದು ಯಾರು ಅಂದುಕೊಂಡಿರಿ... ಯಾರನ್ನು ಕೇಳುತ್ತಿದ್ದೇನೋ. ನನ್ನ ಷಡ್ಡಕ! ಇವಳ, ಅಂದರೆ ನನ್ನ ಹೆಂಡತಿಯ, ಸ್ವಂತ ತಂಗಿಯ ಗಂಡ. ಟೈಪಿಂಗ್ ಇನ್‌ಸ್ಟಿಟ್ಯೂಟ್ ತೆರೆದು ಮುಚ್ಚಿದವನು. ನಲವತ್ತಾರನೇ ವಯಸ್ಸಿಗೆ ಮೊಬೈಲಿನಲ್ಲಿ ಪಾಠ ನೋಡಿ, ಪರೀಕ್ಷೆ ಬರೆದು, ಈಗ ಕ್ಲೌಡ್ ನೆಟ್‌ವರ್ಕ್‌ನವನಂತೆ. ಕತ್ತಿನಲ್ಲಿ ಟ್ಯಾಗು. ಇಸ್ತ್ರಿ ಮಾಡಿದ ಶರ್ಟು — ನಮ್ಮ ಲಾಂಡ್ರಿಯದೂ ಅಲ್ಲ!

‘ಅಣ್ಣ, ನೀವು ಇಲ್ಲೇ ಇದೀರಲ್ಲ, ನನಗೆ ಅರ್ಧ ಭಾರ ಇಳಿದ ಹಾಗಾಯ್ತು’ ಅಂದ. ಎಲ್ಲರೆದುರು. ಎಷ್ಟು ಸಿಹಿ ನೋಡಿ.

‘ನಿಮ್ಮ ಸಂಬಂಧಿ ಅಂತೆ, ಹೇಳಲೇ ಇಲ್ವಲ್ಲ?’ ಮೇಡಂ ಕೇಳಿದರು.

‘ಹೇಳೋವಂಥದ್ದೇನಿದೆ ಮೇಡಂ’ ಅಂದೆ.

ನನ್ನ ಡಬ್ಬವನ್ನು ಎರಡೇ ಬೆರಳಲ್ಲಿ ತಟ್ಟಿ ‘ಪಾಪ, ಚೆನ್ನಾಗಿ ದುಡಿದಿದೆ’ ಅಂದ. ಮುದಿ ಎತ್ತನ್ನು ನೋಡಿ ಅಂದ ಹಾಗೆ. ಒಳಗೆ ಕೆಂಡ ಇಟ್ಟ ಹಾಗಾಯಿತು. ಬಾಯ್ಲರ್ ಪಕ್ಕದ ಕೋಣೆ, ಯಾರಿಗೂ ಗೊತ್ತಾಗಲಿಲ್ಲ.

ಫೆಬ್ರವರಿ 11

ಊಟದ ಮೇಜಿನ ಮೇಲೆ ಪಾಠ. ಪಾರ್ಸೆಲ್ ಕಾಗದದ ಹಿಂದೆ ಚಿತ್ರ ಬರೆದ. ಕೌಂಟರ್ ಅಮ್ಮ, ಇಸ್ತ್ರಿಯವ, ಮೇಡಂ, ಎಲ್ಲರೂ ಬಗ್ಗಿ ನೋಡಿದರು. ನಾನು ಬಗ್ಗಲಿಲ್ಲ. ನಿಂತಲ್ಲಿಂದಲೇ ಕಾಣುತ್ತಿತ್ತು.

‘ಕ್ಲೌಡ್ ಅಂದ್ರೆ ಮೇಲೆ ಆಕಾಶದಲ್ಲಿಲ್ಲ. ಇನ್ನೊಬ್ಬರ ದೊಡ್ಡ ಕಟ್ಟಡದಲ್ಲಿರೋ ಕಂಪ್ಯೂಟರ್‌ಗಳು. ಅಲ್ಲಿ ನಾವು ಬಾಡಿಗೆಗೆ ಇರ್ತೀವಿ.’

‘ಅಂದ್ರೆ ಸ್ವಂತ ಮನೆ ಬಿಟ್ಟು ಬಾಡಿಗೆ ಮನೆಗೆ ಹೋಗೋದಾ? ಒಳ್ಳೇ ಏಳಿಗೆ!’ ಅಂದೆ.

ಇಸ್ತ್ರಿಯವ ಅನ್ನ ನೆತ್ತಿಗೇರಿಸಿಕೊಂಡು ನಕ್ಕ. ಸರಿ. ಆದರೆ ಎಲ್ಲರಿಗಿಂತ ಜೋರಾಗಿ ನಕ್ಕವನು ಷಡ್ಡಕ. ‘ಅಣ್ಣ ಹೇಳಿದ್ದು ಸರಿಯಾಗೇ ಇದೆ’ ಅಂದ. ಬೈದರೆ ತಿರುಗಿ ಬೈಯಬೇಕು ತಾನೇ? ನಗುವವನನ್ನು ಏನು ಮಾಡುವುದು.

ಆಮೇಲೆ ಹೇಳಿದ. ಆ ದೊಡ್ಡ ಕಟ್ಟಡದಲ್ಲಿ ನಮಗೇ ಅಂತ ಒಂದು ಕಾಂಪೌಂಡು. ಪಕ್ಕದ ಬಾಡಿಗೆದಾರನಿಗೆ ನಮ್ಮ ಕಾಂಪೌಂಡು ಕಾಣದು, ಅವನದು ನಮಗೆ ಕಾಣದು. ಒಳಗೆ ಕೋಣೆಗಳು. ಬೀದಿಗೆ ಮುಖ ಮಾಡಿದ ಕೋಣೆ ಗಿರಾಕಿಗಳಿಗೆ — ‘ನನ್ನ ಕೋಟು ಆಯ್ತಾ’ ಅಂತ ಮೊಬೈಲಿನಲ್ಲಿ ಕೇಳುವವರಿಗೆ. ಬೀದಿ ಕಾಣದ ಒಳಕೋಣೆ ಪಟ್ಟಿಗೆ. ಯಾವ ಮಾತು ಯಾವ ಕೋಣೆಗೆ ಹೋಗಬೇಕು ಅನ್ನಲು ದಾರಿಫಲಕ. ಹೊರಗೆ ಹೋಗಲು ಒಂದೇ ಗೇಟು. ಪ್ರತಿ ಕೋಣೆಯ ಬಾಗಿಲಿಗೂ ಒಬ್ಬ ಕಾವಲುಗಾರ, ಅವನ ಕೈಯಲ್ಲಿ ಒಂದು ಚೀಟಿ.

‘ಕಾವಲುಗಾರನಿಗೆ ಮುಖ ಗೊತ್ತಿಲ್ಲ, ನಂಬರು ಮಾತ್ರ ಗೊತ್ತು. ಪ್ರತಿ ಇಂಟರ್ನೆಟ್ ಕನೆಕ್ಷನ್ನಿಗೂ ಒಂದು ನಂಬರಿರುತ್ತೆ. ಚೀಟಿಯಲ್ಲಿ ಬರೆದಿರೋ ನಂಬರಿನಿಂದ ಬಂದ್ರೆ ಬಿಡ್ತಾನೆ. ಬರೆದಿಲ್ವಾ, ಅವನಪ್ಪ ಬಂದ್ರೂ ಬಿಡಲ್ಲ.’

‘ಕಳ್ಳ ಬಂದ್ರೆ ಆ ಕಟ್ಟಡದವರು ನೋಡ್ಕೊಳಲ್ವಾ?’ ಕೌಂಟರ್ ಅಮ್ಮ ಕೇಳಿದರು.

‘ಗೋಡೆ, ಕರೆಂಟು, ಛಾವಣಿ ಅವರದು. ನಮ್ಮ ಕೋಣೆಯ ಬೀಗ, ಕಾವಲಿನ ಚೀಟಿ, ಯಾರಿಗೆ ಕೀಲಿಕೈ ಕೊಟ್ವಿ ಅನ್ನೋದು ನಮ್ಮದು. ಬೀಗ ಹಾಕದೆ ಮಲಗಿ ಮನೆ ಓನರನ್ನ ಬೈಯೋಕಾಗುತ್ತಾ ಅಮ್ಮ?’

ಎಲ್ಲರೂ ತಲೆಯಾಡಿಸಿದರು. ಇಷ್ಟೇನಾ? ಇದನ್ನು ನಾನೂ ಹೇಳುತ್ತಿದ್ದೆ. ಯಾರೂ ಕೇಳಲಿಲ್ಲ, ಅದಕ್ಕೆ ಹೇಳಲಿಲ್ಲ.

ಫೆಬ್ರವರಿ 19, ಸಂಜೆ 4

ನನಗೂ ಒಂದು ಲಾಗಿನ್ ಕೊಟ್ಟ. ಪಾಸ್‌ವರ್ಡ್ ಹೊಡೆದರೆ ಮೊಬೈಲಿಗೆ ಆರಂಕಿಯ ಸಂಖ್ಯೆ ಬರುತ್ತದೆ, ಅದನ್ನೂ ಹೊಡೆಯಬೇಕು. ಒಂದು ಬಾಗಿಲಿಗೆ ಎರಡು ಬೀಗ. ಗತ್ತಿನಿಂದ ಒಳಗೆ ಹೋದೆ. ಎಲ್ಲ ಕಾಣುತ್ತದೆ — ಕಾಂಪೌಂಡು, ಕೋಣೆ, ಕಾವಲಿನ ಚೀಟಿ. ಒಂದು ಗುಂಡಿ ಒತ್ತಿದೆ. ಕೆಂಪಗೆ ಏನೋ ಬಂತು.

‘ಅಣ್ಣ, ನಿಮ್ಮದು ನೋಡೋದಕ್ಕೆ ಮಾತ್ರ. ಯಾರಿಗೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಕೊಡಬೇಕು, ಅದು ಈ ಕೆಲಸದ ಕ್ರಮ.’

‘ಓಹೋ. ಇಪ್ಪತ್ತೊಂದು ವರ್ಷ ಕಾದವನು ಇನ್ನು ಮೇಲೆ ಕಿಟಕಿಯಲ್ಲಿ ಇಣುಕಬೇಕು ಅನ್ನು.’

‘ಹಾಗಲ್ಲ ಅಣ್ಣ—’

ಎದ್ದು ಬಂದೆ. ಟೀ ಕುಡಿಯಲಿಲ್ಲ. ಅವನು ಕಪ್ಪು ಹಿಡಿದುಕೊಂಡು ಬಾಗಿಲಿನಲ್ಲೇ ನಿಂತ. ನಾನು ಫ್ಯೂಸಿನ ಪೆಟ್ಟಿಗೆ ನೋಡುತ್ತಾ ನಿಂತೆ. ಅದರಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಫೆಬ್ರವರಿ 21

ಗೆದ್ದೆ! ಎರಡು ದಿನ ಮುಖ ಊದಿಸಿಕೊಂಡದ್ದಕ್ಕೆ ಸಾರ್ಥಕ. ನಾದಿನಿ ಇವಳಿಗೆ ಫೋನ್ ಮಾಡಿದಳಂತೆ, ‘ಭಾವ ಯಾಕೋ ಬೇಜಾರಾಗಿದಾರಂತೆ, ಇವರು ಎರಡು ದಿನದಿಂದ ಸರಿಯಾಗಿ ಊಟ ಮಾಡ್ತಿಲ್ಲ’ ಅಂತ. ಬೆಳಗ್ಗೆ ಷಡ್ಡಕ ಬಂದು ಪೂರ್ತಿ ಅಧಿಕಾರದ ಲಾಗಿನ್ ಮಾಡಿಕೊಟ್ಟ. ‘ದೊಡ್ಡವರು ನೀವು. ನನಗೆ ಹೊಳೀಲಿಲ್ಲ’ ಅಂದ. ‘ಆದ್ರೆ ಏನಾದ್ರೂ ಮುಟ್ಟೋ ಮೊದಲು ಒಂದು ಮಾತು—’

‘ನನಗೆ ಹೇಳಿಕೊಡಬೇಡ’ ಅಂದೆ.

ಮಾರ್ಚ್ 7

ಡಬ್ಬ ಆರಿಸಿದರು. ನಾಲ್ಕು ಅಂಗಡಿಯ ಪಟ್ಟಿಯೂ ಮೋಡಕ್ಕೆ ಹೋಯಿತು. ಫ್ಯಾನಿನ ಸದ್ದು ನಿಂತ ಮೇಲೆ ಬಾಯ್ಲರಿನ ಸದ್ದು ಎಷ್ಟು ದೊಡ್ಡದು ಅಂತ ಗೊತ್ತಾಯಿತು.

ಮೇಡಂ ಅಂದರು, ‘ಆ ಕೋಣೇಲಿ ಇನ್ನು ಹ್ಯಾಂಗರ್ ಇಡೋಣ.’

ಮಾರ್ಚ್ 8

ಹ್ಯಾಂಗರ್ ಇಟ್ಟರು.

ಮಾರ್ಚ್ 22, ಭಾನುವಾರ

ನಾದಿನಿಯೂ ಷಡ್ಡಕನೂ ಮನೆಗೆ ಬಂದಿದ್ದರು. ಇವಳು ಟೀ ತಂದಳು. ನನ್ನ ತಟ್ಟೆಯಲ್ಲಿ ಎರಡು ಬಿಸ್ಕೆಟ್, ಅವನ ತಟ್ಟೆಯಲ್ಲಿ ನಾಲ್ಕು. ಎಣಿಸಿದೆ. ಹೌದು, ಎಣಿಸಿದೆ.

‘ಅವರು ಅತಿಥಿ ಕಣ್ರೀ’ ಅಂದಳು ಆಮೇಲೆ. ಇಪ್ಪತ್ತು ವರ್ಷದಿಂದ ಬರುತ್ತಿದ್ದಾನೆ, ಇವತ್ತು ಅತಿಥಿಯಾದ.

ಮಂಗಳವಾರ ದೊಡ್ಡ ಪ್ರದರ್ಶನವಂತೆ. ಒಂದು ದೊಡ್ಡ ಹೋಟೆಲಿನ ಮ್ಯಾನೇಜರ್ ಬರುತ್ತಾರೆ. ವಾರಕ್ಕೆ ನಾಲ್ಕು ಸಾವಿರ ಹಾಸಿಗೆ ವಸ್ತ್ರ ನಮಗೆ ಕೊಡಬೇಕೋ ಬೇಡವೋ ನೋಡಲು. ಷಡ್ಡಕ ತನ್ನ ಮನೆಯಲ್ಲೇ ಕೂತು, ಅಂಗಡಿಯ ಟಿವಿಯಲ್ಲಿ ಎಲ್ಲ ತೋರಿಸುತ್ತಾನೆ. ಹೋಟೆಲಿನವರು ಒಪ್ಪಿದರೆ ಮೇಡಂ ಇವನಿಗೆ ಮೂರು ವರ್ಷದ ಕಾಂಟ್ರಾಕ್ಟ್ ಕೊಡುತ್ತಾರೆ. ‘ಇಷ್ಟು ವರ್ಷಕ್ಕೆ ಇವರಿಗೂ ಒಂದು ನೆಲೆ ಸಿಗುತ್ತೆ ಅಕ್ಕ’ ಅಂದಳು ನಾದಿನಿ. ಇವಳ ಕಣ್ಣಲ್ಲಿ ನೀರು. ನಾನು ಇಪ್ಪತ್ತೊಂದು ವರ್ಷ ಒಂದೇ ನೆಲೆಯಲ್ಲಿ ನಿಂತಿದ್ದೇನೆ. ಒಂದು ಹನಿ?

ಮನೆಯಿಂದ ಹೇಗೆ ಒಳಗೆ ಹೋಗುತ್ತೀಯ ಅಂತ ಕೇಳಿದೆ. ಸುಮ್ಮನೆ ಕೇಳಿದ ಹಾಗೆ.

‘ಪಟ್ಟಿ ಸಾಗಿಸೋಕೆ ಅಂತ ಪಟ್ಟಿಯ ಕೋಣೆಗೆ ಒಂದು ಹಿತ್ತಲ ಬಾಗಿಲು ಇಟ್ಟಿದ್ದೆ ಅಣ್ಣ, ಇನ್ನೂ ಮುಚ್ಚಿಲ್ಲ. ಅಲ್ಲಿಯ ಕಾವಲಿನ ಚೀಟೀಲಿ ನಮ್ಮ ಮನೆ ಇಂಟರ್ನೆಟ್ ನಂಬರೊಂದೇ ಇದೆ. ಮುಂದಿನ ತಿಂಗಳು ಅದನ್ನ ಮುಚ್ಚಿ, ಮುಸುಕು ಹಾಕಿದ ಸುರಂಗದ ಥರ ಗುಟ್ಟಾದ ದಾರಿ ಮಾಡ್ತೀನಿ.’

ಹಿತ್ತಲ ಬಾಗಿಲು. ಒಂದೇ ನಂಬರು.

ಮಾರ್ಚ್ 24, ಬೆಳಗ್ಗೆ 10-50

ಒಂದು ಗಂಟೆಯ ಮಟ್ಟಿಗೆ. ಅಷ್ಟೇ. ಯಾರ ತಲೆಯೂ ಹೋಗುವುದಿಲ್ಲ. ಅವನು ಟಿವಿಯಲ್ಲಿ ‘ಅಯ್ಯೋ, ಯಾಕೋ ತೆರೀತಿಲ್ಲ’ ಅನ್ನಬೇಕು. ಮೇಡಂ ನನ್ನ ಕಡೆ ತಿರುಗಬೇಕು. ನಾನು ‘ನೋಡೋಣ ಇರಿ’ ಅಂತ ಎದ್ದು, ತೋಳು ಮಡಚಿ...

ಹ್ಯಾಂಗರ್‌ಗಳ ನಡುವೆ ಸ್ಟೂಲು ಹಾಕಿ ಕೂತಿದ್ದೇನೆ. ಲಾಗಿನ್ ಆಯಿತು. ಹಿತ್ತಲ ಬಾಗಿಲಿನ ಚೀಟಿ ಸಿಕ್ಕಿತು. ಅವನ ಮನೆ ನಂಬರು ಅಳಿಸಿದೆ. ಖಾಲಿ ಬಿಟ್ಟರೆ ಒಪ್ಪಲಿಲ್ಲ. ಏನಾದರೂ ಬರೆಯಲೇಬೇಕಂತೆ. ಸರಿ, ‘ಯಾರೂ ಬೇಡ’ ಅನ್ನಲು ಏನು ಬರೆಯುವುದು? ನಮ್ಮ ಹಳ್ಳಿ ಶಾಲೆಯ ಮೇಷ್ಟ್ರು ಬಳಪದಲ್ಲಿ ದುಂಡಗೆ ಬರೆದು ಕಲಿಸಿದ್ದು ಇನ್ನೂ ನೆನಪಿದೆ — ಸೊನ್ನೆ ಅಂದರೆ ಏನೂ ಇಲ್ಲ. ಸೊನ್ನೆ ಕುರಿ ಅಂದರೆ ಕುರಿ ಇಲ್ಲ. ಸೊನ್ನೆ ಮನುಷ್ಯ ಅಂದರೆ ಯಾರೂ ಇಲ್ಲ.

ಅವನ ನಂಬರಿನಲ್ಲಿದ್ದ ಹಾಗೇ ಚುಕ್ಕಿ ಚುಕ್ಕಿ ಇಟ್ಟು ನಾಲ್ಕು ಸೊನ್ನೆ ಹೊಡೆದೆ. ಸಾಲದು ಅಂತು, ಪಕ್ಕದಲ್ಲಿ ಒಂದು ಓರೆ ಗೀಟು ಹಾಕಿ ಇನ್ನೊಂದು ಕೇಳಿತು. ತಗೋ, ಅದಕ್ಕೂ ಸೊನ್ನೆ. ಒಟ್ಟು ಐದು. ನನ್ನ ನಾಲ್ಕನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನ ಹಾಗೆ. ಹಳದಿ ಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಏನೋ ಎಚ್ಚರಿಕೆ ಬಂತು. ‘ಯಾರೂ ಒಳಗೆ ಬರಕ್ಕಾಗಲ್ಲ, ಗೊತ್ತಲ್ಲ?’ ಅಂತಲೇ ಇರಬೇಕು. ಗೊತ್ತು ಕಣಯ್ಯಾ. ಒತ್ತಿದೆ.

ಮಾರ್ಚ್ 24, ಮಧ್ಯಾಹ್ನ 1

ತೆರೆಯಿತು. ಒಂದು ಚೂರೂ ತಡವರಿಸದೆ ತೆರೆಯಿತು. ಟಿವಿಯಲ್ಲಿ ಷಡ್ಡಕ ಮುಖ ಅರಳಿಸಿಕೊಂಡು ಒಂದೊಂದು ಬಟ್ಟೆಯ ಜಾತಕ ಹೇಳಿದ. ಹೋಟೆಲಿನವರು ಚಪ್ಪಾಳೆ ಹೊಡೆದರು. ಕೌಂಟರ್ ಅಮ್ಮ ನನ್ನ ಬೆನ್ನು ತಟ್ಟಿ ‘ನಿಮ್ಮ ಷಡ್ಡಕ ಗಟ್ಟಿಗ ಕಣ್ರೀ ವೈರ್ ಮಾಮ’ ಅಂದರು.

ಮೋಡವೂ ಅವನ ಕಡೆಯೇ. ನನ್ನ ಮಾತು ಕೇಳಲಿಲ್ಲ. ಮತ್ತೆ ಲಾಗಿನ್ ಆಗಲು ಮನಸ್ಸಾಗಲಿಲ್ಲ. ಹೇಗೂ ಕೆಲಸ ಮಾಡದ ಸೊನ್ನೆ, ಇದ್ದರೆಷ್ಟು ಬಿಟ್ಟರೆಷ್ಟು.

ಮಾರ್ಚ್ 28, ಶನಿವಾರ, ಮಧ್ಯಾಹ್ನ 3-20

ನಾಲ್ಕು ಅಂಗಡಿಯಲ್ಲೂ ಪಟ್ಟಿ ಖಾಲಿ. ಒಂದೇ ಒಂದು ಸಾಲು ಉಳಿದಿದೆ, ಇಂಗ್ಲಿಷಿನಲ್ಲಿ. ಕೌಂಟರ್ ಅಮ್ಮನ ಮಗಳು ಓದಿ ಹೇಳಿದಳು: ನಿಮ್ಮ ಪಟ್ಟಿ ನಮ್ಮ ಹತ್ತಿರ ಇದೆ, ದುಡ್ಡು ಕೊಟ್ಟರೆ ವಾಪಸ್.

ಅಂಗಡಿ ತುಂಬ ಬಟ್ಟೆ. ಪ್ರತಿಯೊಂದಕ್ಕೂ ನಂಬರು. ಯಾರದು ಅಂತ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ.

ಷಡ್ಡಕ ಓಡಿ ಬಂದ. ಶರ್ಟು ಸುಕ್ಕು. ನೋಡಿ... ಬರೆಯಬಾರದು, ಆದರೆ ಯಾರು ಓದುತ್ತಾರೆ. ನೋಡಿ ಹಿತವಾಯಿತು.

ಮಾರ್ಚ್ 29

ಕಳ್ಳನಿಗೆ ದುಡ್ಡು ಕೊಡಬಾರದು, ಕೊಟ್ಟರೂ ಪಟ್ಟಿ ಬರುತ್ತೆ ಅನ್ನೋ ಖಾತ್ರಿ ಇಲ್ಲ ಅಂದ ಷಡ್ಡಕ. ಪಟ್ಟಿಯ ನಕಲು ಬೇರೆ ಕಡೆ ಇಟ್ಟಿದ್ದನಂತೆ. ವಾರಕ್ಕೆರಡು ಸಲ, ಭಾನುವಾರ, ಬುಧವಾರ. ದಿನಾ ಇಡೋಣ ಅಂತ ಅವನು ಹೇಳಿದ್ದು, ಬಿಲ್ ಜಾಸ್ತಿ ಆಗುತ್ತೆ ಅಂತ ಮೇಡಂ ಬೇಡವೆಂದದ್ದು. ಬುಧವಾರದವರೆಗಿನದು ವಾಪಸ್ ಬಂತು. ಗುರುವಾರ, ಶುಕ್ರವಾರ, ಶನಿವಾರ ಬಂದ ಆರು ನೂರ ಹದಿನೆಂಟು ಬಟ್ಟೆ ಅನಾಥ.

‘ನಿಮ್ಮ ಮೋಡ ಸೋರ್ತಲ್ರೀ’ ಅಂದರು ಮೇಡಂ ಅವನಿಗೆ. ಎಲ್ಲರೆದುರು. ಅವನು ತಲೆ ತಗ್ಗಿಸಿ ನಿಂತ.

ನನ್ನ ಡಬ್ಬದಲ್ಲಿ ಇಪ್ಪತ್ತೊಂದು ವರ್ಷದಲ್ಲಿ ಒಂದು ಕರ್ಚೀಫು ಹೋಗಿರಲಿಲ್ಲ — ಅಂತ ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದೆ. ಎರಡು ಸಲ.

ಏಪ್ರಿಲ್ 1

ಅಂಗಡಿಯಲ್ಲಿ ಸಂತೆ. ಬಟ್ಟೆ ಕೊಟ್ಟಾಗ ಮೊಬೈಲಿಗೆ ಹೋದ ನಂಬರಿನ ಮೆಸೇಜು ಇಟ್ಟುಕೊಂಡವರಿಗೆ ಬಟ್ಟೆ ಸಿಕ್ಕಿತು. ಅಳಿಸಿದವರು? ಒಂದು ಬೂದು ಕೋಟಿಗೆ ಇಬ್ಬರು.

‘ಇದು ನಂದೇ, ಜೇಬಲ್ಲಿ ತೂತಿದೆ ನೋಡಿ.’

‘ಬೂದು ಕೋಟಿಗೆಲ್ಲ ತೂತಿರುತ್ತೆ ರೀ!’

ಬ್ಯಾಂಡ್ ತಂಡದವರ ಮೂವತ್ತೆರಡು ಕರಿ ಕೋಟು, ಎಲ್ಲ ಒಂದೇ ಥರ. ನಂಬರಿನ ಪ್ರಕಾರ ಯಾರದು ಯಾರಿಗೆ ಅಂತ ತಿಳಿಯದೆ ಅಂದಾಜಿನಲ್ಲಿ ಹಂಚಿ ಕಳಿಸಿದೆವು. ಡೊಳ್ಳು ಹೊಟ್ಟೆಯ ತುತ್ತೂರಿಯವನಿಗೆ ಕೊಳಲಿನವಳ ಕೋಟು. ನಿನ್ನೆಯ ಕಾರ್ಯಕ್ರಮದಲ್ಲಿ ಗುಂಡಿ ಹಾರಿ ಮೊದಲ ಸಾಲಿನವರಿಗೆ ಬಡಿಯಿತಂತೆ. ಬೆಳಗ್ಗೆ ಬ್ಯಾಂಡ್ ಮಾಸ್ಟರು ಬಂದು ಮೇಜು ಗುದ್ದಿದರು. ಎಲ್ಲರಿಗೂ ಪರಿಹಾರ. ಮೇಡಂ ಹೇಳಿಬಿಟ್ಟರು, ಪೂರ್ತಿ ಷಡ್ಡಕನ ಫೀಸಿನಿಂದಲೇ ಕಡಿತ. ಹೋಟೆಲಿನವರು ಇನ್ನೂ ಯೋಚನೆ ಮಾಡುತ್ತಿದ್ದಾರೆ. ಮೂರು ವರ್ಷದ ಕಾಂಟ್ರಾಕ್ಟ್ ಕಾಗದ ಮೇಡಂ ಡ್ರಾಯರಿನಲ್ಲಿ ಸಹಿ ಇಲ್ಲದೆ ಮಲಗಿದೆ.

ಇವಳು ಫೋನಿನಲ್ಲಿ ತಂಗಿಗೆ ಸಮಾಧಾನ ಹೇಳುತ್ತಿದ್ದಾಳೆ. ಬಾಗಿಲು ಹಾಕಿಕೊಂಡು.

ಏಪ್ರಿಲ್ 3, ಮಧ್ಯಾಹ್ನ 12

ಷಡ್ಡಕ ಹ್ಯಾಂಗರ್ ಕೋಣೆಗೆ ಬಂದ. ಬಾಗಿಲು ಮುಂದೆ ಮಾಡಿ ಲ್ಯಾಪ್‌ಟಾಪ್ ತೆರೆದ.

‘ಅಣ್ಣ, ಇದಕ್ಕೆ ಲಾಗ್ ಅಂತಾರೆ. ಯಾರು ಬಂದ್ರು, ಎಲ್ಲಿಂದ, ಎಷ್ಟು ಹೊತ್ತಿಗೆ, ಏನು ಮುಟ್ಟಿದ್ರು — ಎಲ್ಲ ತಾನೇ ಬರ್ಕೊಳುತ್ತೆ.’

ಮೆಷಿನ್ನಿಗೂ ಒಂದು ದಿನಚರಿ! ಮಾರ್ಚ್ 24, 10-56. ನನ್ನ ಲಾಗಿನ್. ಐದು ಸೊನ್ನೆ. ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ನನ್ನದಕ್ಕಿಂತ ಕೆಟ್ಟ ದಿನಚರಿ.

‘ಯಾರನ್ನೂ ಬಿಡಬೇಡ ಅಂತ ಹಾಕಿದ್ದು’ ಅಂದೆ.

‘ಅಯ್ಯೋ ಅಣ್ಣ. ಇಲ್ಲಿ ಸೊನ್ನೆ ಅಂದ್ರೆ ಯಾರೂ ಇಲ್ಲ ಅಂತಲ್ಲ. ಯಾವ ಅಂಕಿಯನ್ನೂ ನೋಡಬೇಡ, ಯಾರು ಬಂದ್ರೂ ಬಿಡು ಅಂತ. ಐದು ಸೊನ್ನೆ ಅಂದ್ರೆ ಇಡೀ ಪ್ರಪಂಚ.’

ಇಡೀ ಪ್ರಪಂಚ. ಒಬ್ಬ ಷಡ್ಡಕನನ್ನು ಹೊರಗಿಡಲು ಹೋಗಿ.

ಬೀದಿ ಬೀದಿ ತಿರುಗಿ ಬಾಗಿಲು ತಟ್ಟುವುದೇ ಕೆಲಸವಾದ ಮೆಷಿನ್ನುಗಳು ಇವೆಯಂತೆ. ನಾನು ಒತ್ತಿದ ಹದಿನಾರನೇ ನಿಮಿಷಕ್ಕೆ ಮೊದಲನೆಯದು ತಟ್ಟಿದೆ. ನಾಲ್ಕು ದಿನ ಒಂದೊಂದೇ ಪಾಸ್‌ವರ್ಡ್ ಹಾಕಿ ನೋಡಿವೆ. ಪಟ್ಟಿಯ ಪಾಸ್‌ವರ್ಡ್ ಅಂಗಡಿಯ ಫೋನ್ ನಂಬರು. ಹೊರಗೆ ಬೋರ್ಡಿನಲ್ಲೇ ದೊಡ್ಡದಾಗಿ ಬರೆದಿದೆ. ಅದನ್ನು ಇಟ್ಟವನೂ ನಾನೇ, ಡಬ್ಬದ ಕಾಲದಲ್ಲಿ. ಬದಲಾಯಿಸಬೇಕು ಅಂತ ಷಡ್ಡಕ ಎರಡು ಸಲ ಹೇಳಿದ್ದ. ‘ಎಲ್ಲರಿಗೂ ಬಾಯಿಪಾಠ ಆಗಿದೆ, ಇರಲಿ ಬಿಡಿ’ ಅಂದಿದ್ದರು ಮೇಡಂ.

‘ಮೇಡಂಗೆ ಹೇಳಿದ್ಯಾ?’

‘ಇಲ್ಲ.’

‘ಯಾಕೆ?’

‘ನಿಮಗೆ ಆ ಕೀಲಿಕೈ ಕೊಟ್ಟವನು ನಾನಲ್ವಾ. ಕೊಡಬಾರದು ಅಂತ ಗೊತ್ತಿತ್ತು. ನೀವು ಮುನಿಸ್ಕೊಂಡ್ರಿ ಅಂತ ಕೊಟ್ಟೆ. ಚೀಟಿ ಬದಲಾದ್ರೆ ಕೂಗೋ ಹಾಗೆ ಅಲಾರಂ ಇಡಬೇಕಿತ್ತು, ಇಟ್ಟಿರಲಿಲ್ಲ. ತಪ್ಪು ನಂದೇ ಅಣ್ಣ. ಬಿಟ್ಬಿಡಿ, ಇದು ನಿಮ್ಮ ನನ್ನ ನಡುವೆ ಇರಲಿ. ರಿಟೈರ್ ಆಗೋ ಹೊತ್ತಲ್ಲಿ ನಿಮಗ್ಯಾಕೆ ಕೆಟ್ಟ ಹೆಸರು.’

ಲ್ಯಾಪ್‌ಟಾಪ್ ಮುಚ್ಚಿ, ಬಿದ್ದಿದ್ದ ಎರಡು ಹ್ಯಾಂಗರ್ ಎತ್ತಿ ನೇತುಹಾಕಿ ಹೋದ.

ಏಪ್ರಿಲ್ 4

ಏನೂ ಬರೆಯುವುದಿಲ್ಲ.

ಏಪ್ರಿಲ್ 8, ಬೆಳಗ್ಗೆ 6-30

ಐದು ದಿನದಿಂದ ಯೋಚನೆ. ಸಿಟ್ಟು ಇಳಿಯುತ್ತಿಲ್ಲ. ಡಬ್ಬ ಕಸಿದ. ಕೋಣೆ ಕಸಿದ. ಬಿಸ್ಕೆಟ್ ಕಸಿದ. ಇಪ್ಪತ್ತೊಂದು ವರ್ಷದಲ್ಲಿ ಇಡೀ ಪ್ರಪಂಚಕ್ಕೆ ಮುಟ್ಟುವಂಥ ಕೆಲಸ ಒಂದೇ ಒಂದು ಮಾಡಿದೆ. ತಪ್ಪೇ ಇರಲಿ. ಅದನ್ನೂ ತನ್ನ ಹೆಸರಿಗೆ ಬರೆದುಕೊಂಡ! ತಪ್ಪಿನಲ್ಲೂ ದೊಡ್ಡ ಮನುಷ್ಯ ಆಗಿಬಿಟ್ಟ. ಇನ್ನು ಸಾಯುವ ತನಕ ನಾನು ಅವನ ಮುಖ ನೋಡಿದಾಗಲೆಲ್ಲ ಅವನು ಒಂದು ಮೆಟ್ಟಿಲು ಮೇಲೆ ನಿಂತಿರುತ್ತಾನೆ, ಏನೂ ಹೇಳದೆ, ನಗುತ್ತಾ.

ನಿನ್ನೆ ನಾದಿನಿ ಬಂದಿದ್ದಳು. ಕಣ್ಣು ಊದಿತ್ತು. ‘ಭಾವ, ಮೇಡಂ ಹತ್ರ ನೀವೊಂದು ಮಾತು ಹೇಳಿ, ನಿಮ್ಮ ಮಾತಿಗೆ ಬೆಲೆ ಇದೆ’ ಅಂದಳು. ಬೆಲೆ. ಗಂಡ ಏನೂ ಹೇಳಿಲ್ಲ ಅವಳಿಗೆ. ಒಂದು ಅಕ್ಷರವೂ ಹೇಳಿಲ್ಲ. ಎಂಥಾ ಮನುಷ್ಯ... ಎಂಥಾ ಶನಿ.

ಕೊಡುವುದಿಲ್ಲ. ನನ್ನ ತಪ್ಪು ನನಗೇ ಬೇಕು.

ಏಪ್ರಿಲ್ 9, ಮಧ್ಯಾಹ್ನ 2

ಮೇಡಂ ಕೋಣೆಗೆ ಹೋದೆ. ನಿಂತೇ ಹೇಳಿದೆ. ‘ಬಾಗಿಲು ತೆಗೆದವನು ನಾನು.’

ತಲೆ ಎತ್ತಿ ನೋಡಿದರು. ನಕ್ಕರು! ‘ನೀವಾ? ಅಷ್ಟೆಲ್ಲ ಬರುತ್ತಾ ನಿಮಗೆ? ಷಡ್ಡಕನ್ನ ಉಳಿಸೋಕೆ ಹೇಳ್ತಿದೀರಿ ಅಲ್ವಾ? ಒಳ್ಳೇ ಮನಸ್ಸು ನಿಮ್ಮದು.’

ಬೆಂಕಿ ಹತ್ತಿತು. ತಪ್ಪು ಮಾಡುವುದಕ್ಕೂ ನನಗೆ ಯೋಗ್ಯತೆ ಇಲ್ಲವಂತೆ!

‘ಬರುತ್ತೆ ಮೇಡಂ! ಲಾಗಿನ್ ಆದೆ, ಆರಂಕಿ ಹೊಡೆದೆ, ಹಿತ್ತಲ ಬಾಗಿಲಿನ ಚೀಟೀಲಿ ಅವನ ನಂಬರ್ ಅಳಿಸಿ ಐದು ಸೊನ್ನೆ ಹಾಕಿದೆ. ಈ ಕೈಯಲ್ಲಿ!’

ಷಡ್ಡಕನನ್ನು ಕರೆಸಿದರು. ಅವನು ಬಂದವನೇ ನನ್ನ ಮುಖ ನೋಡಿ ‘ಅಣ್ಣನಿಗೇನೋ ಗಲಿಬಿಲಿ ಆಗಿದೆ ಮೇಡಂ’ ಅಂದ.

‘ಏಯ್, ಲಾಗ್ ತೋರಿಸೋ!’

‘ಅಣ್ಣ, ಸುಮ್ನಿರಿ.’

‘ತೋರಿಸ್ತೀಯೋ, ನಾನೇ ಲಾಗಿನ್ ಆಗಿ ಇನ್ನೊಂದು ಸಲ ತೆಗೆದು ತೋರಿಸ್ಲೋ?’

‘ಬೇಡ ಬೇಡ ಬೇಡ’ — ಅವನೂ ಮೇಡಂ ಇಬ್ಬರೂ ಒಟ್ಟಿಗೆ ಕೂಗಿದರು.

ತೋರಿಸಿದ. ಮಾರ್ಚ್ 24, 10-56. ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಓದಿದರು.

‘ಯಾಕೆ ಮಾಡಿದ್ರಿ?’

ಉತ್ತರ ಬಾಯಿಗೆ ಬಂದಿತ್ತು, ಬೇಕಾದಷ್ಟು. ಟೆಸ್ಟ್ ಮಾಡುತ್ತಿದ್ದೆ. ಕೈ ಜಾರಿತು. ಕನ್ನಡಕ ಮರೆತಿದ್ದೆ. ಷಡ್ಡಕ ನೆಲ ನೋಡುತ್ತಿದ್ದ.

‘ಹೊಟ್ಟೆಕಿಚ್ಚು ಮೇಡಂ’ ಅಂದೆ.

ಬಾಯ್ಲರ್ ಒಂದೇ ಮಾತಾಡುತ್ತಿತ್ತು.

ಏಪ್ರಿಲ್ 13

ತೀರ್ಮಾನ ಆಯಿತು. ಷಡ್ಡಕನ ಫೀಸು ಅವನಿಗೆ ವಾಪಸ್. ಡ್ರಾಯರಿನ ಕಾಗದಕ್ಕೆ ಸಹಿ. ಲಾಗ್, ನಕಲು, ಹೊಸ ಪಾಸ್‌ವರ್ಡ್ ಎಲ್ಲ ತೋರಿಸಿದ ಮೇಲೆ ಹೋಟೆಲಿನವರೂ ಒಪ್ಪಿದರು. ಹಿತ್ತಲ ಬಾಗಿಲು ಮುಚ್ಚಿ ಗೋಡೆ ಕಟ್ಟಿಯಾಯಿತು. ನಕಲು ಇನ್ನು ದಿನಾ. ಕಾವಲಿನ ಚೀಟಿ ಬದಲಾಯಿಸಲು ಇನ್ನು ಮೇಲೆ ಇಬ್ಬರು ಒಪ್ಪಬೇಕು. ಬದಲಾದ ಕೂಡಲೇ ಮೂವರ ಮೊಬೈಲ್ ಕೂಗುತ್ತದೆ.

ನನ್ನ ಲಾಗಿನ್ ನೋಡುವುದಕ್ಕೆ ಮಾತ್ರ. ಈ ಸಲ ಅವನು ಕೇಳಲಿಲ್ಲ. ನಾನೂ ಮುನಿಸಿಕೊಳ್ಳಲಿಲ್ಲ. ‘ಸರಿ ಮಾಡಿದೆ’ ಅಂದೆ. ಅನ್ನುವಾಗ ಹಲ್ಲು ನೋವು ಬಂದಿತ್ತು, ಅದು ಬೇರೆ ವಿಷಯ.

ಕೆಲಸ ಉಳಿಯಿತು. ಪರಿಹಾರದ ಹಣ ನನ್ನ ರಿಟೈರ್‌ಮೆಂಟಿನ ಇಡಿಗಂಟಿನಿಂದ ಕಡಿತ. ಚಿಲ್ಲರೆ. ಇಪ್ಪತ್ತು ಸಾವಿರ ಇರಬಹುದು.

ಏಪ್ರಿಲ್ 19, ಭಾನುವಾರ, ಸಂಜೆ 5

ಇಬ್ಬರೂ ಬಂದು ಹೋದರು. ನಾದಿನಿ ಬಾಗಿಲಲ್ಲಿ ನನ್ನ ಕೈ ಒಮ್ಮೆ ಹಿಡಿದು ಹೋದಳು. ಷಡ್ಡಕನಿಗೆ ಹೊಸ ಬೂಟು. ಕಚ್ಚುತ್ತಿತ್ತು ಅನ್ನಿಸುತ್ತದೆ, ಕುಂಟುತ್ತಿದ್ದ. ಕಚ್ಚಲಿ.

ಅವರು ಹೋದ ಮೇಲೆ ಇವಳು ನನ್ನೆದುರು ಕುರ್ಚಿ ಎಳೆದು ಕೂತಳು.

‘ರೀ, ನಿಜ ಹೇಳಿ. ಎಷ್ಟು ಹೋಯ್ತು?’

‘ಹನ್ನೆರಡು ಸಾವಿರ’ ಅಂದೆ.

ನಂಬಲಿಲ್ಲ. ನಂಬದೇನೇ ‘ಹೋಗ್ಲಿ ಬಿಡಿ’ ಅಂತ ಎದ್ದು ಹೋದಳು. ಬೈಯಬಹುದಿತ್ತು. ಒಳಗೆ ಪಾತ್ರೆ ತೊಳೆಯುವ ಸದ್ದು. ಮೆಲ್ಲಗೆ.

ಇಲ್ಲಿ ಇಪ್ಪತ್ತು ಅಂತ ಬರೆದದ್ದೂ ಸುಳ್ಳು. ಕಾಗದ ಜೇಬಿನಲ್ಲಿದೆ, ಮೂರು ಸಲ ತೆಗೆದು ನೋಡಿದೆ, ಮೇಡಂ ಸಹಿ ಇದೆ, ನನ್ನದೂ ಇದೆ. ಹೋದದ್ದು ಒಂದು ಲಕ್ಷದ ಎಂಬತ್ತಾರು ಸಾವಿರದ ನಾನೂರ ಐವತ್ತು ರೂಪಾಯಿ.